ಪೂರ್ವ ಜರ್ಮನಿಯ ರಕ್ಷಣಾ ಸಚಿವಾಲಯ: ಯುದ್ಧ ಮಾಡದ ಸೇನೆ, ಕಟಕಟೆ ಏರಿದ ಸಚಿವ

ಭೂಪಟದಿಂದ ಅಳಿಸಿಹೋದ ದೇಶಗಳ ಸಾಲಿಗೆ ಸೇರಿದ ಪೂರ್ವ ಜರ್ಮನಿಯಲ್ಲಿ 1956ರಿಂದ 1990ರವರೆಗೆ ಅಸ್ತಿತ್ವದಲ್ಲಿದ್ದ ‘ರಾಷ್ಟ್ರೀಯ ರಕ್ಷಣಾ ಸಚಿವಾಲಯ’ದ ಆಯುಷ್ಯ ಮೂವತ್ತೈದು ವರ್ಷವನ್ನೂ ಮುಟ್ಟಲಿಲ್ಲ. ಅದರ ಅಧೀನದಲ್ಲಿದ್ದ ಸೇನೆ ಯಾವ ದೇಶದೊಂದಿಗೂ ಯುದ್ಧ ಮಾಡಲಿಲ್ಲ. ಆದರೂ ಅದರ ಮಾಜಿ ಸಚಿವರೊಬ್ಬರು ನರಹತ್ಯೆಯ ಪ್ರಕರಣದಲ್ಲಿ ಜೈಲು ಸೇರಬೇಕಾಯಿತು. ಮೇಲಿನಿಂದ ಆದೇಶ ನೀಡಿದವರ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಈ ಸಚಿವಾಲಯದ ಇತಿಹಾಸ ಜಗತ್ತಿನ ಮುಂದೆ ಇಟ್ಟಿತು.

ಪೊಲೀಸ್ ವೇಷದಲ್ಲಿ ಸೇನೆ

ಎರಡನೇ ಮಹಾಯುದ್ಧದ ನಂತರ ಜರ್ಮನಿಯನ್ನು ಸಂಪೂರ್ಣ ನಿಶ್ಶಸ್ತ್ರಗೊಳಿಸಲಾಗಿತ್ತು. ಆದರೆ ಶೀತಲ ಸಮರ ತೀವ್ರಗೊಂಡಂತೆ ಎರಡೂ ಜರ್ಮನಿಗಳು ಮತ್ತೆ ಸೇನೆ ಕಟ್ಟಲು ಮುಂದಾದವು. ಪೂರ್ವದಲ್ಲಿ 1952ರಲ್ಲಿ ಗೃಹ ಸಚಿವಾಲಯದ ಅಡಿಯಲ್ಲಿ ‘ಬ್ಯಾರಕ್ ಪೊಲೀಸ್’ ಎಂಬ ಪಡೆ ರಚನೆಯಾಯಿತು. ಹೆಸರಿಗೆ ಪೊಲೀಸ್ ಆದರೂ ಅದರ ತರಬೇತಿ ಮತ್ತು ಸಂಘಟನೆ ಸೇನೆಯದೇ ಆಗಿತ್ತು.

1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ನ್ಯಾಟೋ ಸೇರಿತು. ಅದೇ ತಿಂಗಳು ವಾರ್ಸಾ ಒಪ್ಪಂದಕ್ಕೆ ಸಹಿ ಬಿತ್ತು. ಬಳಿಕ ಮರೆಮಾಚುವ ಅಗತ್ಯ ಉಳಿಯಲಿಲ್ಲ. 1956ರ ಜನವರಿ 18ರಂದು ಪೂರ್ವ ಜರ್ಮನಿಯ ಸಂಸತ್ತು ರಾಷ್ಟ್ರೀಯ ಜನಸೇನೆ ಹಾಗೂ ರಕ್ಷಣಾ ಸಚಿವಾಲಯದ ರಚನೆಗೆ ಕಾನೂನು ಅಂಗೀಕರಿಸಿತು. ಮಾರ್ಚ್ 1ರಂದು ಸಚಿವಾಲಯ ಕಾರ್ಯಾರಂಭ ಮಾಡಿತು. ಮಾಜಿ ಗೃಹ ಸಚಿವ ವಿಲಿ ಸ್ಟೋಫ್ ಮೊದಲ ರಕ್ಷಣಾ ಸಚಿವರಾದರು. ಬರ್ಲಿನ್‌ನ ಪೂರ್ವಕ್ಕಿರುವ ಸ್ಟ್ರಾಸ್‌ಬೆರ್ಗ್ ಪಟ್ಟಣ ಅದರ ಕೇಂದ್ರಸ್ಥಾನವಾಯಿತು.

ಪಕ್ಷದ ಹಿಡಿತ

ಕಾಗದದ ಮೇಲೆ ಸೇನೆ ಸಚಿವರ ಅಧೀನದಲ್ಲಿತ್ತು. ವಾಸ್ತವದಲ್ಲಿ ನಿರ್ಣಾಯಕ ಅಧಿಕಾರ ಆಡಳಿತಾರೂಢ ಸಮಾಜವಾದಿ ಏಕತಾ ಪಕ್ಷದ್ದಾಗಿತ್ತು. ಸಚಿವಾಲಯದ ರಾಜಕೀಯ ಆಡಳಿತ ವಿಭಾಗ ಪಡೆಗಳ ಸೈದ್ಧಾಂತಿಕ ನಿಷ್ಠೆಯ ಮೇಲೆ ಕಣ್ಣಿಟ್ಟಿತ್ತು. ಬಹುತೇಕ ಎಲ್ಲ ಅಧಿಕಾರಿಗಳೂ ಪಕ್ಷದ ಸದಸ್ಯರೇ. 1960ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಮೊದಲು ವಾಲ್ಟರ್ ಉಲ್‌ಬ್ರಿಕ್ಟ್, 1971ರಿಂದ ಎರಿಕ್ ಹೊನೆಕ್ಕರ್ ಅಧ್ಯಕ್ಷರಾಗಿದ್ದರು. ಇದೆಲ್ಲದರ ಮೇಲೆ, ದೇಶದೊಳಗೇ ಬೀಡುಬಿಟ್ಟಿದ್ದ ಮೂರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರಿದ್ದರು.

1960ರಿಂದ 1985ರಲ್ಲಿ ನಿಧನರಾಗುವವರೆಗೆ ಸಚಿವರಾಗಿದ್ದ ಹೈನ್ಸ್ ಹಾಫ್‌ಮನ್ ಅವರ ಅವಧಿಯಲ್ಲಿ ಸಚಿವಾಲಯ ತನ್ನ ಪೂರ್ಣ ರೂಪ ಪಡೆಯಿತು. ಸ್ಪೇನ್ ಅಂತರ್ಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದ್ದವರು ಅವರು. 1962ರಲ್ಲಿ 18 ತಿಂಗಳ ಕಡ್ಡಾಯ ಸೇನಾ ಸೇವೆ ಜಾರಿಗೆ ಬಂತು. ಚರ್ಚುಗಳ ಒತ್ತಾಯದ ಹಿನ್ನೆಲೆಯಲ್ಲಿ, 1964ರಲ್ಲಿ ಆಯುಧ ಹಿಡಿಯಲೊಪ್ಪದ ಯುವಕರಿಗಾಗಿ ‘ನಿರ್ಮಾಣ ಸೈನಿಕ’ ಎಂಬ ಪ್ರತ್ಯೇಕ ವ್ಯವಸ್ಥೆ ರೂಪಿಸಲಾಯಿತು. ವಾರ್ಸಾ ಒಪ್ಪಂದದ ರಾಷ್ಟ್ರಗಳಲ್ಲಿ ಇಂತಹ ಅವಕಾಶ ಅಪರೂಪವಾಗಿತ್ತು. ಆದರೆ ಅದನ್ನು ಆಯ್ದುಕೊಂಡವರಿಗೆ ಉನ್ನತ ಶಿಕ್ಷಣದ ಬಾಗಿಲು ಅನೇಕ ಬಾರಿ ಮುಚ್ಚುತ್ತಿತ್ತು.

ಗಡಿಯ ಗುಂಡುಗಳು

1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಮರುತಿಂಗಳೇ ಗಡಿ ಪೊಲೀಸ್ ಪಡೆಯನ್ನು ರಕ್ಷಣಾ ಸಚಿವಾಲಯದ ಅಧೀನಕ್ಕೆ ಒಪ್ಪಿಸಲಾಯಿತು. ಹೀಗೆ, ಹೊರಗಿನ ಶತ್ರುವನ್ನು ತಡೆಯಬೇಕಿದ್ದ ಸಚಿವಾಲಯಕ್ಕೆ ಸ್ವಂತ ನಾಗರಿಕರು ಹೊರಹೋಗದಂತೆ ತಡೆಯುವ ಕೆಲಸವೂ ಬಿತ್ತು. ನೆಲಬಾಂಬುಗಳು, ಸ್ವಯಂಚಾಲಿತ ಗುಂಡು ಸಿಡಿಸುವ ಉಪಕರಣಗಳು ಹಾಗೂ ಕಾವಲುಗಾರರ ಬಂದೂಕುಗಳು ಈ ಕೆಲಸಕ್ಕೆ ಬಳಕೆಯಾದವು. ಬರ್ಲಿನ್ ಗೋಡೆಯ ಬಳಿಯೊಂದರಲ್ಲೇ ಕನಿಷ್ಠ 140 ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. 1989ರ ಫೆಬ್ರುವರಿಯಲ್ಲಿ ಬಲಿಯಾದ 20ರ ಹರೆಯದ ಕ್ರಿಸ್ ಗ್ಯೂಫ್ರಾಯ್, ಅಲ್ಲಿ ಪಲಾಯನಕ್ಕೆ ಯತ್ನಿಸಿ ಗುಂಡೇಟಿಗೆ ಸತ್ತ ಕೊನೆಯ ವ್ಯಕ್ತಿ.

ಪಾದ್ರಿಯ ಕೈಗೆ ಸೇನೆ

1989ರ ನವೆಂಬರ್ 9ರಂದು ಗೋಡೆ ತೆರೆದುಕೊಂಡಾಗ ಸೇನೆ ಗುಂಡು ಹಾರಿಸಲಿಲ್ಲ. 1985ರಿಂದ ಸಚಿವರಾಗಿದ್ದ ಹೈನ್ಸ್ ಕೆಸ್ಲರ್ ಅದೇ ತಿಂಗಳು ಅಧಿಕಾರ ಬಿಟ್ಟರು. ನೌಕಾಪಡೆಯ ಅಡ್ಮಿರಲ್ ಥಿಯೋಡೋರ್ ಹಾಫ್‌ಮನ್ ಅವರ ಸ್ಥಾನಕ್ಕೆ ಬಂದರು. 1990ರ ಹೊಸ ವರ್ಷದ ದಿನ ಬೀಲಿಟ್ಸ್‌ನಲ್ಲಿ ಸೈನಿಕರೇ ಮುಷ್ಕರ ಹೂಡಿದರು. ಪರಿಣಾಮವಾಗಿ ಕಡ್ಡಾಯ ಸೇವೆಯನ್ನು 12 ತಿಂಗಳಿಗೆ ಇಳಿಸಬೇಕಾಯಿತು.

1990ರ ಮಾರ್ಚ್‌ನ ಮುಕ್ತ ಚುನಾವಣೆಯ ನಂತರ ಪಾದ್ರಿ ರೈನರ್ ಎಪ್ಪೆಲ್‌ಮನ್ ಸಚಿವರಾದರು. ನಿರ್ಮಾಣ ಸೈನಿಕನಾಗಿ ಪ್ರತಿಜ್ಞೆ ಸ್ವೀಕರಿಸಲು ನಿರಾಕರಿಸಿ 1966ರಲ್ಲಿ ಜೈಲು ಕಂಡಿದ್ದ ವ್ಯಕ್ತಿ ಅದೇ ಸೇನೆಯ ಮುಖ್ಯಸ್ಥರಾದದ್ದು ಇತಿಹಾಸದ ವಿಪರ್ಯಾಸ. ಸಚಿವಾಲಯದ ಹೆಸರೂ ‘ನಿಶ್ಶಸ್ತ್ರೀಕರಣ ಮತ್ತು ರಕ್ಷಣೆ’ ಎಂದು ಬದಲಾಯಿತು. ಸೆಪ್ಟೆಂಬರ್ 24ರಂದು ದೇಶ ವಾರ್ಸಾ ಒಪ್ಪಂದದಿಂದ ಹೊರಬಂತು. ಅಕ್ಟೋಬರ್ 3ರಂದು ಜರ್ಮನಿ ಒಂದಾಯಿತು, ಸಚಿವಾಲಯ ಇಲ್ಲವಾಯಿತು.

ಎರಡು ಸಾವಿರಕ್ಕೂ ಹೆಚ್ಚು ಟ್ಯಾಂಕುಗಳನ್ನು ಒಳಗೊಂಡ ಶಸ್ತ್ರರಾಶಿ ಏಕೀಕೃತ ಜರ್ಮನಿಯ ಪಾಲಾಯಿತು. 39 ಯುದ್ಧನೌಕೆಗಳು ಇಂಡೋನೇಷ್ಯಾ ಸೇರಿದವು. ಜರ್ಮನ್ ವಾಯುಪಡೆ ಕೆಲಕಾಲ ಬಳಸಿದ 22 ಮಿಗ್-29 ವಿಮಾನಗಳು ಮುಂದೆ ತಲಾ ಒಂದು ಯೂರೋ ಸಾಂಕೇತಿಕ ಬೆಲೆಗೆ ಪೋಲೆಂಡ್‌ಗೆ ಹೋದವು.

ನ್ಯಾಯಾಲಯದ ತೀರ್ಪು

1993ರಲ್ಲಿ ಬರ್ಲಿನ್ ನ್ಯಾಯಾಲಯ ಗಡಿ ಹತ್ಯೆಗಳಿಗೆ ಸಂಬಂಧಿಸಿದಂತೆ ಕೆಸ್ಲರ್ ಅವರಿಗೆ ಏಳೂವರೆ ವರ್ಷ, ಅವರ ಉಪಸಚಿವರಾಗಿದ್ದ ಫ್ರಿಟ್ಸ್ ಸ್ಟ್ರೆಲೆಟ್ಸ್ ಅವರಿಗೆ ಐದೂವರೆ ವರ್ಷ ಶಿಕ್ಷೆ ವಿಧಿಸಿತು. ತಮ್ಮ ದೇಶದ ಕಾನೂನಿನಂತೆಯೇ ನಡೆದುಕೊಂಡೆವು ಎಂಬುದು ಅವರ ವಾದವಾಗಿತ್ತು. ಪೂರ್ವ ಜರ್ಮನಿಯ ಸಂವಿಧಾನ ಮತ್ತು ಅದು ಒಪ್ಪಿದ್ದ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಬದ್ಧತೆಯೇ ಇಂತಹ ಹತ್ಯೆಯನ್ನು ಸಮರ್ಥಿಸುವುದಿಲ್ಲ ಎಂದ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, 2001ರ ಮಾರ್ಚ್ 22ರಂದು ಶಿಕ್ಷೆ ಸರಿ ಎಂದಿತು. ಕೆಸ್ಲರ್ 2017ರಲ್ಲಿ ನಿಧನರಾದರು.

ಸಚಿವಾಲಯದ ಕಡತಗಳು ಫ್ರೈಬರ್ಗ್‌ನ ಸೇನಾ ಪತ್ರಾಗಾರ ಸೇರಿವೆ. ಬಂದೂಕಿನ ಕುದುರೆ ಎಳೆದವನಷ್ಟೇ ಅಲ್ಲ, ಕಚೇರಿಯ ಮೇಜಿನ ಹಿಂದೆ ಕುಳಿತು ಆ ವ್ಯವಸ್ಥೆಗೆ ಸಹಿ ಹಾಕಿದವನೂ ಉತ್ತರ ಹೇಳಬೇಕು ಎಂಬುದೇ ಈ ತೀರ್ಪುಗಳ ತಿರುಳು.