ಓದಲು ಬರುವ ಇಂಗ್ಲಿಷ್, ಆಡಲು ಬಾರದ ಇಂಗ್ಲಿಷ್

ಶೇಕ್ಸ್‌ಪಿಯರನ ನಾಟಕದ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆಯಬಲ್ಲ ವಿದ್ಯಾರ್ಥಿಗೆ ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲೇ ಒಂದು ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಅದನ್ನು ಅಂಜುಬುರುಕತನವೆಂದೋ, ಕನ್ನಡ ಮಾಧ್ಯಮದಲ್ಲಿ ಓದಿದ್ದರ ಫಲವೆಂದೋ ತೀರ್ಮಾನಿಸಿ ಸುಮ್ಮನಾಗುವುದು ರೂಢಿ. ಆದರೆ ನಮ್ಮಲ್ಲಿ ಇಂಗ್ಲಿಷ್ ಕಲಿಸಿದ ಬಗೆಯ ಚರಿತ್ರೆಯನ್ನು ನೋಡಿದರೆ, ಈ ಮೌನ ಒಬ್ಬಿಬ್ಬರ ಸ್ವಭಾವದ ಮಾತಲ್ಲ ಎಂದು ತಿಳಿಯುತ್ತದೆ. ಅದಕ್ಕೆ ಸುಮಾರು ಇನ್ನೂರು ವರ್ಷಗಳ ಹಿನ್ನೆಲೆಯಿದೆ.

ಶಾಲೆಗಳು ಬರುವ ಮೊದಲು ಇಂಗ್ಲಿಷ್ ಇಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ಮದ್ರಾಸಿನಲ್ಲಿ ಕಂಪನಿಯ ವ್ಯಾಪಾರಕ್ಕೆ ನೆರವಾದ ದುಭಾಷಿಗಳು, ದೊರೆಗಳ ಮನೆಯ ಬಟ್ಲರುಗಳು, ಆಯಾಗಳು ಅದನ್ನು ಕೇಳಿ ಕೇಳಿಯೇ ಕಲಿತರು. 1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಸಿದಾಗ ಇಲ್ಲಿಯೂ ಅಂಥ ಕಲಿಕೆಗೆ ಜಾಗವಾಯಿತು. ಆಳುಕಾಳುಗಳ ಈ ಮಾತಿಗೆ 'ಬಟ್ಲರ್ ಇಂಗ್ಲಿಷ್' ಎಂಬ ಹೆಸರು ಬಂತು. ಅದರಲ್ಲಿ ವ್ಯಾಕರಣ ಬಹಳ ಸರಳ. ಹೆಚ್ಚಿನ ಕ್ರಿಯಾಪದಗಳಿಗೆ 'ಇಂಗ್' ಸೇರಿಸಿದರೆ ಆಯಿತು; ಮುಗಿದ ಕೆಲಸಕ್ಕೆ ಹಿಂದೊಂದು 'ಡನ್'. ಹ್ಯೂಗೋ ಶುಖಾರ್ಟ್ ಎಂಬ ಭಾಷಾವಿಜ್ಞಾನಿ 1891ರಷ್ಟು ಹಿಂದೆಯೇ ಇದನ್ನು ಅಧ್ಯಯನದ ವಸ್ತುವೆಂದು ಗಂಭೀರವಾಗಿ ಪರಿಗಣಿಸಿದ್ದ. ಉಳಿದವರಿಗೆ ಅದು ನಗೆಯ ವಸ್ತುವಾಗಿತ್ತು. ಆದರೆ ಆ ಮಾತಿನಿಂದ ಅಡುಗೆಮನೆ ನಡೆಯುತ್ತಿತ್ತು, ಸಂಬಳದ ಚೌಕಾಸಿಯೂ ನಡೆಯುತ್ತಿತ್ತು.

ಶಾಲೆಯ ಇಂಗ್ಲಿಷ್ ಬೇರೆಯೇ ದಾರಿಯಿಂದ ಬಂತು. ಮೆಕಾಲೆಯ 1835ರ ಟಿಪ್ಪಣಿ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ವರ್ಗವೊಂದನ್ನು ಬಯಸಿತು. 1854ರ ವುಡ್ ಸುತ್ತೋಲೆ ವಿಶ್ವವಿದ್ಯಾಲಯಗಳಿಗೆ ಅಡಿಪಾಯ ಹಾಕಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಅವು ಆರಂಭವಾದವು. ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದು. ಉತ್ತರ ಪತ್ರಿಕೆಯಲ್ಲಿ ಬರೆದದ್ದಕ್ಕೆ ಅಂಕ ಸಿಗುತ್ತಿತ್ತು, ಅಂಕದಿಂದ ಕಚೇರಿಯ ಕೆಲಸ ಸಿಗುತ್ತಿತ್ತು. ಹೀಗಾಗಿ ಪಾಠವನ್ನು ಓದಿ ಅರ್ಥ ಹೇಳುವುದು, ವ್ಯಾಕರಣದ ಸೂತ್ರ ಉರುಹೊಡೆಯುವುದು, ವಾಕ್ಯಗಳನ್ನು ಅನುವಾದಿಸುವುದು ತರಗತಿಯ ದಿನಚರಿಯಾಯಿತು. ಮಾತಾಡಿದವರು ಶಾಲೆಗೆ ಹೋಗಲಿಲ್ಲ. ಶಾಲೆಗೆ ಹೋದವರಿಗೆ ತರಗತಿಯಲ್ಲಿ ಮಾತಾಡುವ ಅಗತ್ಯ ಬೀಳಲಿಲ್ಲ. ತಪ್ಪು ಇಂಗ್ಲಿಷ್ ಆಳಿನ ಗುರುತಾಗಿದ್ದ ಸಮಾಜದಲ್ಲಿ ಓದಿದವನು ತಪ್ಪಾಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮೇಲೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಅನುವಾದದ ದಾರಿಯಲ್ಲಿ ಬರವಣಿಗೆ ಸಾಗಬಹುದು, ಮಾತು ಎಡವುತ್ತದೆ. ಇದಕ್ಕೆ ನಮ್ಮ ವಾಕ್ಯರಚನೆಯಲ್ಲೇ ಕಾರಣವಿದೆ. 'ನಾನು ನಿನ್ನೆ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಹುಡುಕಿದೆ' ಎಂಬಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು 'ನಾನು' ಆದ ಕೂಡಲೇ ಬರಬೇಕು. ಕಾಗದದ ಮುಂದೆ ಕುಳಿತವನಿಗೆ ವಾಕ್ಯವನ್ನು ಹಿಂದುಮುಂದು ಮಾಡಲು ಸಮಯವಿರುತ್ತದೆ. ಎದುರಿಗೆ ನಿಂತವರು ಉತ್ತರಕ್ಕೆ ಕಾಯುತ್ತಿರುವಾಗ ಕನ್ನಡದ ವಾಕ್ಯವನ್ನು ಕೊನೆಯವರೆಗೆ ಕಟ್ಟಿ, ಆಮೇಲೆ ತಿರುಗಿಸಿ ಆಡುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ.

ಈ ಶಿಕ್ಷಣವನ್ನು ಟೀಕಿಸಿದವರೂ ಮಾತಿಗೆ ಮೊದಲ ಸ್ಥಾನ ಕೊಡಲಿಲ್ಲ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲನಾಗಿದ್ದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಅನೇಕ ಮಕ್ಕಳು ಶಾಲೆಯನ್ನು ಅರ್ಧಕ್ಕೇ ಬಿಡುತ್ತಾರೆ. ಬಿಟ್ಟ ದಿನದವರೆಗೆ ಕಲಿತದ್ದಾದರೂ ಅವರ ಕೈಗೆ ಹತ್ತಬೇಕು. ಆದ್ದರಿಂದ ಮೊದಲು ಓದಲು ಕಲಿಸಿ ಎಂಬುದು ಅವನ ವಾದ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹುಟ್ಟಿದ ಸಲಹೆಯದು. ಆದರೂ ಮಾತಿನ ಸರದಿ ಮತ್ತೆ ಹಿಂದಕ್ಕೆ ಹೋಯಿತು.

ಸ್ವಾತಂತ್ರ್ಯಾನಂತರ ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಶಾಲೆಗಳಿಗೆ ವಾಕ್ಯ ಮಾದರಿಗಳ ಪದ್ಧತಿ ಬಂತು. ಮೇಷ್ಟರು ಪೆನ್ ಎತ್ತಿ ಹಿಡಿದು 'ದಿಸ್ ಈಸ್ ಎ ಪೆನ್' ಅಂದರೆ ಇಡೀ ತರಗತಿ ಒಕ್ಕೊರಲಿನಿಂದ ಅದನ್ನೇ ಹೇಳುತ್ತಿತ್ತು. ಮಕ್ಕಳ ಬಾಯಿ ತೆರೆಯಿತು, ನಿಜ. ಆದರೆ ಎಲ್ಲರ ಕಣ್ಣಿಗೂ ಕಾಣುವ ಪೆನ್ನನ್ನು ಪೆನ್ನೆಂದು ಹೇಳುವುದರಲ್ಲಿ ಯಾರಿಗೂ ಹೊಸದಾಗಿ ತಿಳಿಸುವಂಥದ್ದೇನೂ ಇರಲಿಲ್ಲ.

ಈ ಕೊರತೆಯನ್ನು ಗುರುತಿಸಿದ ಒಂದು ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಲೋಕದ ಭಾಷಾಬೋಧಕರಿಗೆ ಪರಿಚಿತ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅದನ್ನು ನಡೆಸಿದರು. ಅಲ್ಲಿ ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕೆಂದು ಕೇಳುವುದು, ನಕ್ಷೆ ನೋಡಿ ದಾರಿ ಹುಡುಕಿಸುವುದು, ಹೇಳಿದಂತೆ ಆಕೃತಿ ಬರೆಸುವುದು ಪಾಠವಾಯಿತು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅವರು ಮಕ್ಕಳನ್ನು ಮಾತಾಡಲು ಬಲವಂತ ಮಾಡಲಿಲ್ಲ. ಒಂದೇ ಪದದ ಉತ್ತರವೂ ಉತ್ತರವೇ. ಕೇಳಿ ಗ್ರಹಿಸುವುದು ಮೊದಲು, ಆಡುವುದು ಆಮೇಲೆ.

1985ರಲ್ಲಿ ಪ್ರಕಟವಾದ ಮೌಲ್ಯಮಾಪನ ಇದನ್ನು ಪವಾಡವೆಂದು ಸಾರಲಿಲ್ಲ. ಹಳೆಯ ಪದ್ಧತಿಯ ಮಕ್ಕಳು ರಚನೆಯ ಪರೀಕ್ಷೆಯಲ್ಲಿ ಮುಂದಿದ್ದರು, ಪ್ರಯೋಗದ ಮಕ್ಕಳು ತಮ್ಮ ಬಗೆಯ ಪರೀಕ್ಷೆಯಲ್ಲಿ. ಪ್ರಭು ಅವರೇ 1990ರ ಲೇಖನದಲ್ಲಿ ಎಲ್ಲರಿಗೂ ಒಗ್ಗುವ ಅತ್ಯುತ್ತಮ ಪದ್ಧತಿ ಎಂಬುದೊಂದಿಲ್ಲ ಎಂದು ವಾದಿಸಿದರು. ಆದರೂ ಆ ತರಗತಿಗಳಲ್ಲಿ ಒಂದು ಹಳೆಯ ಗಂಟು ಸಡಿಲಗೊಂಡಿತ್ತು: ಗಾಡಿಯ ಸಮಯವನ್ನು ಸರಿಯಾಗಿ ಹೇಳಿದ ಮಗುವಿನ ವ್ಯಾಕರಣ ತಪ್ಪಿದ್ದರೂ ಉತ್ತರ ಸರಿಯೆಂದೇ ಲೆಕ್ಕ.

ಶಾಲೆ ಖಾಲಿ ಬಿಟ್ಟ ಜಾಗವನ್ನು ಅಷ್ಟರಲ್ಲಿ ಮಾರುಕಟ್ಟೆ ತುಂಬತೊಡಗಿತ್ತು. ಕಪಿಲ್ ದೇವ್ ಜಾಹೀರಾತಿನ ರ‍್ಯಾಪಿಡೆಕ್ಸ್ ಪುಸ್ತಕ ಮನೆಮನೆ ಸೇರಿತು. ಬಸ್ ನಿಲ್ದಾಣದ ಪಕ್ಕದ ಮಹಡಿಗಳಲ್ಲಿ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳು ತೂಗಾಡಿದವು. ಹತ್ತು ಹನ್ನೆರಡು ವರ್ಷ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷ್ ಓದಿದವರು ಅದನ್ನೇ ಮಾತಾಡಲು ಮತ್ತೆ ಹಣ ತೆತ್ತು ಕಲಿಯಬೇಕಾಯಿತು.

ಇದನ್ನೆಲ್ಲ ಕನ್ನಡಕ್ಕೂ ಇಂಗ್ಲಿಷಿಗೂ ನಡುವಿನ ಜಗಳವಾಗಿ ನೋಡುವವರು ವಿ. ಕೃ. ಗೋಕಾಕರನ್ನು ನೆನೆಯಬಹುದು. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು ಅವರು. 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕೆಂಬುದೂ, ಕಲಿಕೆಯ ನೆಲ ಕನ್ನಡವಾಗಿರಬೇಕೆಂಬುದೂ ಒಬ್ಬರದೇ ಬಾಳಿನಲ್ಲಿ ಜೊತೆಗೂಡಿದ್ದವು.

ಹಾಗಾಗಿ ಸೆಮಿನಾರಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಪ್ರಶ್ನೆಯನ್ನು ನುಂಗಿಕೊಳ್ಳುವ ಹುಡುಗಿಗೆ ಇನ್ನಷ್ಟು ವ್ಯಾಕರಣ ಬೇಕಿಲ್ಲ. ಅವಳಿಗೆ ಬೇಕಾದದ್ದು ಹೇಳಲೇಬೇಕಾದ ಸಂದರ್ಭಗಳು, ತಡವರಿಸಿದರೆ ಕಾಯುವ ಕೇಳುಗರು, ತಪ್ಪಿದಾಗ ನಗದ ಕೋಣೆ. ಬಟ್ಲರನಿಗೆ ಮೊದಲನೆಯದು ದಿನವೂ ಸಿಕ್ಕಿತ್ತು, ಉಳಿದೆರಡು ಸಿಗಲಿಲ್ಲ. ಮೂರನ್ನೂ ಒಟ್ಟಿಗೆ ಕೊಡುವ ಶಕ್ತಿ ನಮ್ಮ ತರಗತಿಗಳಿಗಿದೆ. ಅದಕ್ಕೆ ದೊಡ್ಡ ಖರ್ಚೂ ಇಲ್ಲ.