ಎರೆಮಣ್ಣೂ ಮನೆಯ ಗೋಡೆಯೂ

ರಾಜರ ವಂಶಾವಳಿಗೂ ಯುದ್ಧಗಳ ಇಸವಿಗಳಿಗೂ ನಮ್ಮ ಚರಿತ್ರೆಯ ಪುಸ್ತಕಗಳು ಕೊಟ್ಟಿರುವ ಸ್ಥಳದಲ್ಲಿ ನೂರರಲ್ಲೊಂದು ಪಾಲನ್ನೂ ಕಾಲ ಕೆಳಗಿನ ಮಣ್ಣಿಗೆ ಕೊಟ್ಟಿಲ್ಲ. ಆದರೆ ಮನೆ ಕಟ್ಟಿಸಲು ಹೊರಟವನಿಗೆ ಪುಲಕೇಶಿಗಿಂತ ಮಣ್ಣೇ ಹತ್ತಿರದ ದೊರೆ. ಹಳೆಯ ಮೈಸೂರಿನ ಕೆಮ್ಮಣ್ಣಿನಲ್ಲಿ ಬೆಳೆದು, ಉದ್ಯೋಗದ ನಿಮಿತ್ತ ರೋಣ–ನರಗುಂದದ ಕಡೆಯ ಎರೆಯ ಸೀಮೆಗೆ ಹೋದ ನನಗೆ ಅಲ್ಲಿಯ ಗೋಡೆಗಳನ್ನು ನೋಡಿದ ಮೇಲೆ ಈ ಮಾತು ಮನದಟ್ಟಾಯಿತು. ಹತ್ತು ವರ್ಷ ತುಂಬದ ಸಿಮೆಂಟಿನ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು. ಪಕ್ಕದಲ್ಲೇ ಅಜ್ಜನ ಕಾಲದ ಮಣ್ಣಿನ ಮನೆ ನೆಟ್ಟಗೆ ನಿಂತಿದೆ. ಇದೇನು ವಿಪರೀತ?

ಮಣ್ಣನ್ನು ಪರೀಕ್ಷಿಸುವ ಬುದ್ಧಿ ನಮ್ಮವರಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಹೇಳುತ್ತಾನೆ: ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣಿನಿಂದ ತುಂಬಬೇಕು, ಮಣ್ಣು ಮಿಕ್ಕರೆ ಶುಭ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಶುಭ. ಇಲ್ಲವೆ, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಮರಳಿ ಬಂದು ನೋಡಬೇಕು. ನೀರು ಇಳಿದಿರದಿದ್ದರೆ ನೆಲ ಒಳ್ಳೆಯದು. ಸ್ವಾರಸ್ಯವೆಂದರೆ, 1926ರಲ್ಲಿ ನ್ಯೂಯಾರ್ಕಿನ ಹೆನ್ರಿ ರಯಾನ್ ಎಂಬಾತ ಕೊಳೆನೀರು ಇಂಗಿಸುವ ನೆಲವನ್ನು ಆರಿಸಲು ಹೆಚ್ಚುಕಡಿಮೆ ಇದೇ ಉಪಾಯ ಹೂಡಿದ. ಗುಂಡಿಯ ನೀರು ಒಂದು ಅಂಗುಲ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿದ. ಅವನಿಗೆ ನೀರು ಇಳಿದರೇ ಶುಭ! ಗೋಡೆಗೆ ಹಿತವಾದ ನೆಲ ಇಂಗುಗುಂಡಿಗೆ ಹಿತವಲ್ಲವೆಂದಾಯಿತು.

ಎರೆಮಣ್ಣಿನ ಮುಂದೆ ಮಾತ್ರ ಇಬ್ಬರ ಪರೀಕ್ಷೆಯೂ ಪೇಚಿಗೆ ಸಿಕ್ಕುತ್ತದೆ. ವೈಶಾಖದಲ್ಲಿ ಹೊಯ್ದ ನೀರನ್ನು ಬಾಯ್ದೆರೆದ ಬಿರುಕುಗಳು ಗಟಗಟನೆ ಕುಡಿದುಬಿಡುತ್ತವೆ. ಶ್ರಾವಣದಲ್ಲಿ ಹೊಯ್ದರೆ ನೀರು ಹೊಯ್ದಲ್ಲೇ ನಿಲ್ಲುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ವಿಶೇಷ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಮನೆಯ ನಡುವಿನ ನೆಲ ಮರೆಯಲ್ಲಿರುವುದರಿಂದ ತೇವ ಕಾಯ್ದುಕೊಂಡಿರುತ್ತದೆ. ಅಂಚಿನದು ಬಿಸಿಲಿಗೆ ಕುಗ್ಗಿ, ಮಳೆಗೆ ಏಳುತ್ತದೆ. ಎಂದಮೇಲೆ ಗೋಡೆ ಸೀಳದೆ ಏನು ಮಾಡೀತು?

ಹಳಬರು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದರು. ಕೈಲಾದವರು ಎರೆಯನ್ನು ಅಗೆದು ಗರಸು ಸಿಕ್ಕುವವರೆಗೂ ತಳಪಾಯ ಇಳಿಸಿದರು. ಬಿಜಾಪುರದ ಗೋಲಗುಮ್ಮಟದ ತಳಪಾಯ ಬಂಡೆಯ ಮೇಲೆಯೇ ಕೂತಿದೆ. 1656ರಿಂದ ಆ ಭಾರ ಒಂದೇ ಸಮನಾಗಿ ನಿಂತಿರುವುದಕ್ಕೆ ಅದೂ ಒಂದು ಕಾರಣ. ಬಾದಶಹರ ಬೊಕ್ಕಸವಿಲ್ಲದವರು ಮೇಲ್ಮುದ್ದೆಯ ಮನೆ ಕಟ್ಟಿದರು. ಮಾಳಿಗೆಯ ಭಾರವನ್ನು ಮರದ ಕಂಬ, ತೊಲೆಗಳು ಹೊತ್ತವು. ದಪ್ಪನೆಯ ಮಣ್ಣಿನ ಗೋಡೆ ಬಿರಿದರೂ ಮಾಳಿಗೆ ಬೀಳಲಿಲ್ಲ. ಮಳೆಗಾಲ ಕಳೆದು ದೀಪಾವಳಿ ಹತ್ತಿರವಾದಾಗ ಹೆಂಗಸರು ಮಣ್ಣು, ಸೆಗಣಿ ಕಲಸಿ ಬಿರುಕು ಮೆತ್ತಿದರು. ವರ್ಷಕ್ಕೊಮ್ಮೆ ಗೋಡೆ ಹೊಸದಾಯಿತು. ಸಿಮೆಂಟು ಬಂದಮೇಲೆ ಆ ವಾರ್ಷಿಕ ದುಡಿಮೆ ತಪ್ಪಿತು, ನಿಜ. ಆದರೆ ಬಾಗಲರಿಯದ ತೆಳುಗೋಡೆಯನ್ನು ಆಡುವ ನೆಲದ ಮೇಲೆ ನಿಲ್ಲಿಸಿದೆವು.

ವಿಜ್ಞಾನ ಸುಮ್ಮನೆ ಕೂಡಲಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲಿ ಎರೆಭೂಮಿಗೆಂದೇ ಒಂದು ಬಗೆಯ ತಳಪಾಯವನ್ನು ರೂಢಿಗೆ ತಂದರು. ಕೈಯಿಂದ ತಿರುಗಿಸುವ ಬೈರಿಗೆಯಿಂದ ಸುಮಾರು ಮೂರೂವರೆ ಮೀಟರ್ ಆಳ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುವುದು. ಋತುಗಳ ಆಟ ಅಷ್ಟು ಆಳಕ್ಕೆ ಬಹುಮಟ್ಟಿಗೆ ಮುಟ್ಟುವುದಿಲ್ಲ. ಗಡ್ಡೆಯು ಕಂಬವನ್ನು ಮೇಲೇಳಗೊಡದೆ ಹಿಡಿಯುತ್ತದೆ. ಕಂಬಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ ಸ್ವಲ್ಪ ತೆರವು ಬಿಡುತ್ತಾರೆ. ಮಣ್ಣು ಉಬ್ಬಿಕೊಳ್ಳಬೇಕಾದರೆ ಅಲ್ಲಿ ಉಬ್ಬಿಕೊಳ್ಳಲಿ ಎಂದು. ಮಣ್ಣಿಗೂ ಜಾಗ ಬಿಟ್ಟುಕೊಟ್ಟ ಈ ಸೌಜನ್ಯ ನನಗೆ ಬಹಳ ಹಿಡಿಸಿತು.

ಇಷ್ಟಾದರೂ ಹಿತ್ತಲ ತೊಡಕು ಉಳಿಯುತ್ತದೆ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮರಾನ್ ಸೆಪ್ಟಿಕ್ ಟ್ಯಾಂಕಿಗೆ ಆ ಹೆಸರು ಕೊಟ್ಟ. ಅದು ನಮ್ಮ ಮನೆಗಳಿಗೆ ಬಂದದ್ದು ಒಳ್ಳೆಯದೇ ಆಯಿತು. ಕತ್ತಲಾಗುವವರೆಗೆ ಕಾದು ಬಯಲಿಗೆ ಹೋಗಬೇಕಾಗಿದ್ದ ತಾಯಂದಿರ ಪಾಡನ್ನು ಹೊಗಳುವ ಹಳಮೆಯ ಮೋಹ ನನಗಿಲ್ಲ. ಆದರೆ ಟ್ಯಾಂಕಿನಿಂದ ಹೊರಟ ನೀರು ಎಲ್ಲಿಯಾದರೂ ಇಂಗಲೇಬೇಕಷ್ಟೆ. ಕೆಮ್ಮಣ್ಣಿನಲ್ಲಿ ಅದು ಸಾಮಾನ್ಯವಾಗಿ ಸದ್ದಿಲ್ಲದೆ ಇಳಿದುಹೋಗುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ ಅತಿ ಬೇಗ ಇಳಿದು ಪಕ್ಕದ ಬಾವಿಯನ್ನೇ ಸೇರಬಹುದು. ಎರೆಯಲ್ಲಿ ಮಳೆಗಾಲ ಪೂರ್ತಿ ಗುಂಡಿ ತುಂಬಿ ನಿಂತು, ಸುತ್ತಲ ಮಣ್ಣನ್ನು ಉಬ್ಬಿಸಿ, ಮನೆಯ ಒಂದು ಮೂಲೆಯನ್ನೇ ಎತ್ತುತ್ತದೆ.

ಕೈತೋಟದ ಕಥೆಯೂ ಇದೇ. ಗೋಡೆಗೆ ತಾಗಿಸಿ ಗುಲಾಬಿ ನೆಟ್ಟು ದಿನವೂ ನೀರು ಹೊಯ್ದರೆ ಆ ಬದಿ ಏಳುತ್ತದೆ. ಬೇವು ನೆಟ್ಟರೆ ಬೇರು ಬೇಸಗೆಯಲ್ಲಿ ತೇವ ಹೀರಿ ಆ ಬದಿ ಕುಸಿಯುತ್ತದೆ. ಹಿಂಗಾರಿ ಜೋಳಕ್ಕೆ ಮಾತ್ರ ಇದೇ ಮಣ್ಣು ತಾಯಿಯಂತೆ; ಒಳಗೆ ಬಚ್ಚಿಟ್ಟ ತೇವದಲ್ಲೇ ತೆನೆ ತುಂಬಿಸುತ್ತದೆ. ನರಗುಂದದಲ್ಲಿ ನನ್ನ ನೆರೆಮನೆಯವರು ಈ ಲೆಕ್ಕವೆಲ್ಲ ಹಾಕಿ ಇಂಗುಗುಂಡಿಯನ್ನು ಹಿತ್ತಲಿನ ತುದಿಗೆ ಸಾಗಿಸಿದರು, ಗೋಡೆಯ ಸುತ್ತ ಮೂರಡಿ ಅಗಲ ಕಲ್ಲು ಹಾಸಿಸಿದರು. ಗುಲಾಬಿಗೆಂದು ಕಪ್ಪತಗುಡ್ಡದ ಕಡೆಯಿಂದ ಎರಡು ಚಕ್ಕಡಿ ಮಸಾರಿ ಮಣ್ಣು ತರಿಸಿ ಕುಂಡಗಳಿಗೆ ತುಂಬಿದರು.