ದುರ್ಗದ ವಕೀಲರು, ಇಂದಿರಾ ಗಾಂಧಿ ಮತ್ತು ಒಂದು ತನಿಖೆ

ದೊಡ್ಡ ನಾಯಕರೊಬ್ಬರ ಮೇಲೆ ತನಿಖೆ ಶುರುವಾದ್ರೆ ಸಾಕು, ಮನೆ ವಾಟ್ಸಾಪ್ ಗ್ರೂಪ್ ಎರಡು ಪಾಲಾಗುತ್ತೆ. ಒಬ್ಬರಿಗೆ ಅದು ದ್ವೇಷದ ರಾಜಕಾರಣ, ಇನ್ನೊಬ್ಬರಿಗೆ ‘ಕೊನೆಗೂ ಸಿಕ್ಕಿಬಿದ್ರು’. ವರದಿ ಬರೋ ಮುಂಚೆನೇ ತೀರ್ಪು ರೆಡಿ. ಇದು ಮೊಬೈಲ್ ಕಾಲದ ರೋಗ ಅಂತ ಅನ್ಸಿದ್ರೆ, ಇವತ್ತಿನ ಕಥೆ ಕೇಳಿ.

ಇದು ಶುರುವಾಗೋದು ನಮ್ಮ ಜಿಲ್ಲೆಯಿಂದಲೇ. ಎಸ್. ನಿಜಲಿಂಗಪ್ಪ ಚಿತ್ರದುರ್ಗದಲ್ಲಿ ವಕೀಲರಾಗಿದ್ದವರು, 1956ರಲ್ಲಿ ಏಕೀಕರಣವಾದಾಗ ಮುಖ್ಯಮಂತ್ರಿ ಆದವರು. 1962ರ ಚುನಾವಣೆಯಲ್ಲಿ ಅವರನ್ನ ಹೊಸದುರ್ಗದ ಜನ ಸೋಲಿಸಿಬಿಟ್ರು. ಗೆದ್ದದ್ದು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಆಮೇಲೇನಾಯ್ತು? ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿ ಕುರ್ಚಿ ಕಾಯ್ದರು, ಬಾಗಲಕೋಟೆಯ ಶಾಸಕರು ತಮ್ಮ ಸೀಟು ಬಿಟ್ಟುಕೊಟ್ಟರು. ನಿಜಲಿಂಗಪ್ಪ ಅಲ್ಲಿಂದ ಗೆದ್ದು ಅದೇ ವರ್ಷ ವಾಪಸ್ ಬಂದರು. ಕ್ಷೇತ್ರ ಬೇಡ ಅಂದರೂ ಪಕ್ಷ ಕೈ ಬಿಡಲಿಲ್ಲ. ಪಕ್ಷನಿಷ್ಠೆಯ ಬಲ ಅಂದ್ರೆ ಅದು.

ಏಳು ವರ್ಷ ಆದ್ಮೇಲೆ ಅದೇ ನಿಷ್ಠೆಯನ್ನ ಅವರು ಇಂದಿರಾ ಗಾಂಧಿಯಿಂದ ಕೇಳಿದರು. ಆಗ ಅವರು ಕಾಂಗ್ರೆಸ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು. 1969ರ ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಮಾತ್ರ ‘ಆತ್ಮಸಾಕ್ಷಿ ಪ್ರಕಾರ ಮತ ಹಾಕಿ’ ಅಂದರು, ವಿ.ವಿ. ಗಿರಿ ಗೆದ್ದರು. ಇತ್ತ ರೆಡ್ಡಿಯವರಿಗಾಗಿ ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲ ಕೇಳಿದ್ದರು, ಇಂದಿರಾ ಬಣ ಅದನ್ನೇ ದ್ರೋಹ ಅಂತ ಕರೀತು. ಇಬ್ಬರ ಬಾಯಲ್ಲೂ ‘ನಿಷ್ಠೆ’, ಅರ್ಥ ಮಾತ್ರ ಬೇರೆ ಬೇರೆ. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಬಣ ದೇಶದ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು.

1971ರ ಲೋಕಸಭಾ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟರು. ನಮ್ಮ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೆ. ಅದರಲ್ಲಿ ಚಿತ್ರದುರ್ಗವೂ ಸೇರಿತ್ತು. ಅಲ್ಲಿಂದ ಮುಂದೆ ನಿಷ್ಠೆ ಪಕ್ಷದ್ದಲ್ಲ, ವ್ಯಕ್ತಿಯದ್ದು.

ಆಮೇಲೆ ತುರ್ತು ಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಸಹಿ ಹಾಕಿದರು, ಸಚಿವ ಸಂಪುಟಕ್ಕೆ ವಿಷಯ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಒಳಗೆ ಹಾಕಿದರು. ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಲ್ಲಿ ತಿಂಗಳುಗಟ್ಟಲೆ ಇದ್ದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು.

ಅದಾಗಿ ಎರಡೇ ತಿಂಗಳಿಗೆ ನಡೆದ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾರನ್ನ ಕಿತ್ತೊಗೆಯಿತು. ಕರ್ನಾಟಕ? 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಜನರನ್ನ ಕುರುಡರು ಅನ್ನೋಕೆ ನಾನು ತಯಾರಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿ ಮಾಡ್ತಿದ್ದವರ ಹೆಸರಿಗೆ ಜಮೀನು ಬರ್ತಿತ್ತು. ಪಹಣಿಯಲ್ಲಿ ಅಪ್ಪನ ಹೆಸರು ನೋಡಿದ ಮನೆಯವರಿಗೆ ಆ ನಿಷ್ಠೆಗೆ ಕಾರಣ ಇತ್ತು.

ದೆಹಲಿಗೆ ಬಂದ ಜನತಾ ಸರ್ಕಾರ 1977ರ ಮೇನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ನೇಮಿಸಿತು. ಅದೇ ತಿಂಗಳು ಅರಸರ ಮೇಲೆ ಗ್ರೋವರ್ ಆಯೋಗ. ಮಜಾ ಏನಂದ್ರೆ, ಅದಕ್ಕೆ ಸ್ವಲ್ಪ ಮುಂಚೆ ರಾಜ್ಯ ಸರ್ಕಾರ ತಾನೇ ಇನ್ನೊಂದು ಆಯೋಗ ಮಾಡಿಕೊಂಡಿತ್ತು! ಜಗಳ ಸುಪ್ರೀಂ ಕೋರ್ಟಿಗೆ ಹೋಯ್ತು, ಕೇಂದ್ರದ ಆಯೋಗ ಉಳೀತು. ಅಕ್ಟೋಬರ್ 3ಕ್ಕೆ ಇಂದಿರಾ ಬಂಧನ. ಮರುದಿನವೇ ಕೋರ್ಟು ಬಿಡುಗಡೆ ಮಾಡಿತು. ಅವರನ್ನ ಕುಗ್ಗಿಸಬೇಕಿದ್ದ ಬಂಧನ ಅನುಕಂಪ ತಂದುಕೊಟ್ಟಿತು. ಶಾ ಆಯೋಗದ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳೋಕೆ ಅವರು ಒಪ್ಪಲಿಲ್ಲ.

ಆಯೋಗ 1978ರಲ್ಲಿ ಮೂರು ವರದಿ ಕೊಟ್ಟಿತು. ಕೊನೆಯದು ಆಗಸ್ಟ್‌ನಲ್ಲಿ. ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆ. ಇಂದಿರಾ ಎದುರು ನಿಂತವರು ನಿಜಲಿಂಗಪ್ಪನವರ ಶಿಷ್ಯ ವೀರೇಂದ್ರ ಪಾಟೀಲ. ಇಂದಿರಾ ಗೆದ್ದ ಅಂತರ 70 ಸಾವಿರಕ್ಕೂ ಹೆಚ್ಚು. 1980ರಲ್ಲಿ ಅವರೇ ಮತ್ತೆ ಪ್ರಧಾನಿ. ಶಾ ವರದಿ ಮೂಲೆ ಸೇರಿತು.

ನಾನು ಬಿಕಾಂ ಓದಿದವರ ಭಾಷೆಯಲ್ಲಿ ಹೇಳ್ತೀನಿ. ಆಡಿಟರ್‌ನ ಎದುರಾಳಿಯೇ ನೇಮಿಸಿದ್ದರೆ ಅನುಮಾನ ಬರೋದು ಸಹಜ, ಬರಲೇಬೇಕು. ಹಾಗಂತ ವೋಚರ್ ಸುಳ್ಳಾಗಲ್ಲ. ಜನತಾ ಸರ್ಕಾರಕ್ಕೆ ಸೇಡಿನ ಆತುರ ಇತ್ತು, ಒಪ್ಪೋಣ. ಆದರೆ ಸಂಪುಟವನ್ನ ಕೇಳದೇ ತುರ್ತು ಪರಿಸ್ಥಿತಿ ಬಂತು, ಜೈಲು ತುಂಬಿತು ಅನ್ನೋದು ಆ ಆತುರದಿಂದ ಅಳಿಸಿಹೋಗಲ್ಲ. 77ರಿಂದ 80ರವರೆಗೆ ಒಂದು ಬಣಕ್ಕೆ ಸೇಡು ಮಾತ್ರ ಕಾಣಿಸ್ತು, ಇನ್ನೊಂದಕ್ಕೆ ಅಪರಾಧ ಮಾತ್ರ. ನಡುವೆ ಸಿಕ್ಕಿ ಸೋತದ್ದು ಜೈಲಿಗೆ ಹೋದವರ ನ್ಯಾಯ.

ನಿಮ್ಮ ನಾಯಕರ ಮೇಲೆ ತನಿಖೆ ಬಂದ ದಿನ ಎರಡು ಪ್ರಶ್ನೆ ಬೇರೆ ಬೇರೆ ಇಟ್ಕೊಳ್ಳಿ: ಇದನ್ನ ಯಾರು ಮಾಡಿಸ್ತಿದ್ದಾರೆ? ಇದರಲ್ಲಿ ಸಿಕ್ಕಿದ್ದೇನು? ಮೊದಲನೆಯ ಉತ್ತರವನ್ನ ಎರಡನೆಯದರ ಜಾಗದಲ್ಲಿ ಬರೀಬೇಡಿ. ಎದುರು ಪಕ್ಷದವರ ಮೇಲೆ ಬಂದಾಗಲೂ ಅಷ್ಟೇ.

ಈ ಸಂಚಿಕೆಯನ್ನ ಮನೆ ಗ್ರೂಪಿಗೆ ಹಾಕಿ, ಜಗಳ ಆದ್ರೆ ನನಗೂ ಹೇಳಿ. ಮತ್ತೆ ಸಿಗೋಣ.